ಕರಗುವ ಸ್ಪ್ರಿಂಗು

ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರಿಗೆ ಒಂದು ಕಾಲಕ್ಕೆ ಅಮೆರಿಕದಲ್ಲಿರುವ ಮಕ್ಕಳ ಸುದ್ದಿಯೇ ಮಾತಿನ ಬಂಡವಾಳ. ಈಗ ಆ ಜಾಗಕ್ಕೆ ಹೃದಯದ ರಕ್ತನಾಳಕ್ಕೆ ಆಸರೆಯಾಗಿ ತೂರಿಸುವ ಸ್ಟೆಂಟು ಬಂದು ಕೂತಿದೆ. ‘ನಂಗೆ ಎರಡು ಹಾಕಿದಾರೆ’ ಎಂದು ಒಬ್ಬರು ಅಂದರೆ ಪಕ್ಕದವರು ಮಾತಾಡದೆ ಮೂರು ಬೆರಳು ಎತ್ತುತ್ತಾರೆ. ಆಸ್ಪತ್ರೆಯ ಬಿಲ್ಲಿನಲ್ಲಿ ಅದು ಸ್ಟೆಂಟ್. ಪಾರ್ಕಿನ ಕಲ್ಲುಬೆಂಚಿನ ಮೇಲೆ ಬರೀ ‘ಸ್ಪ್ರಿಂಗು’.

ಆ ಮೂರು ಬೆರಳಿನ ರಾಯರು ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದರು. ‘ಅಲ್ರೀ, ಕರಗೋ ಸ್ಪ್ರಿಂಗು ಅಂತ ಒಂದಿದೆಯಂತಲ್ಲ, ಕರಗಿ ಎಲ್ಲಿಗೆ ಹೋಗತ್ತೆ?’

ಹೇಳಿದೆ. ಅದು ಪಾಲಿಲ್ಯಾಕ್ಟಿಕ್ ಆಮ್ಲ ಎಂಬ ಪ್ಲಾಸ್ಟಿಕ್ಕು. ಮೊಸರನ್ನು ಹುಳಿಮಾಡುವ ಲ್ಯಾಕ್ಟಿಕ್ ಆಮ್ಲದ ಅಣುಗಳನ್ನೇ ಸರಪಳಿಯಾಗಿ ಪೋಣಿಸಿದ್ದು. ಒಳಗಿನ ನೀರಿನಂಶ ಆ ಕೊಂಡಿಗಳನ್ನು ನಿಧಾನವಾಗಿ ಕಳಚುತ್ತದೆ. ಬಿಡಿಯಾದ ಆಮ್ಲ ನಮ್ಮ ಮೈಗೆ ಹೊಸದೇನಲ್ಲ. ಓಡಿ ದಣಿದಾಗ ಸ್ನಾಯುಗಳೂ ಅದನ್ನು ಹುಟ್ಟಿಸುತ್ತವೆ. ಕೊನೆಗೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡ್. ರಾಯರು ಹೌಹಾರಿದರು: ‘ಅಷ್ಟು ದುಡ್ಡು ಸುರಿದು ಹಾಕಿಸಿಕೊಂಡದ್ದನ್ನ ಉಸಿರಲ್ಲಿ ಬಿಟ್ಟುಬಿಡೋದಾ!’

ಬಿಡಬೇಕಾದ್ದೇ. ತಾರಸಿಗೆ ಕಾಂಕ್ರೀಟು ಹಾಕುವಾಗ ಸೆಂಟ್ರಿಂಗ್ ಕಟ್ಟುತ್ತಾರಲ್ಲ, ಗಟ್ಟಿಯಾದ ಮೇಲೆ ಹಲಗೆ, ಕಂಬ ಬಿಚ್ಚದೆ ಗೃಹಪ್ರವೇಶ ಮಾಡುವವರುಂಟೆ? ಬಲೂನಿನಿಂದ ಹಿಗ್ಗಿಸಿದ ರಕ್ತನಾಳಕ್ಕೂ ಆಸರೆ ಬೇಕಾದ್ದು ಮುಖ್ಯವಾಗಿ ಮೊದಲ ಕೆಲವು ತಿಂಗಳು. ಆಮೇಲೂ ಲೋಹ ಅಲ್ಲೇ ಕೂತಿದ್ದರೆ ನಾಳಕ್ಕೆ ತನ್ನಿಷ್ಟದಂತೆ ಹಿಗ್ಗಿ ಕುಗ್ಗುವ ಸ್ವಾತಂತ್ರ್ಯ ಇರುವುದಿಲ್ಲ.

ಕೆಲಸ ಮುಗಿಸಿ ಮಾಯವಾಗುವ ಸಾಮಾನಿನ ಆಸೆ ಹಳೆಯದು. ಕರುಳಿನ ಗಾಯದ ಅಂಚುಗಳನ್ನು ಕಟ್ಟಿರುವೆಗಳಿಂದ ಕಚ್ಚಿಸಿ, ತಲೆ ಅಲ್ಲೇ ಉಳಿಸಿ ಒಡಲು ಚಿವುಟಿ ತೆಗೆಯುವ ವಿಧಾನ ಸುಶ್ರುತ ಸಂಹಿತೆಯಲ್ಲಿದೆ. 1970ರ ಸುಮಾರಿಗೆ ಕರಗುವ ಕೃತಕ ನೂಲು ಬಂದು, ಹೊಲಿಗೆ ಬಿಚ್ಚಿಸಿಕೊಳ್ಳಲು ಮತ್ತೆ ಆಸ್ಪತ್ರೆ ಹತ್ತುವುದು ಎಷ್ಟೋ ಜನರಿಗೆ ತಪ್ಪಿತು. ನೂಲು ಕರಗುವುದಾದರೆ ಸ್ಟೆಂಟು ಯಾಕಾಗಬಾರದು? 1990ರ ದಶಕದ ಕೊನೆಗೆ ಜಪಾನಿನಲ್ಲಿ ಇಗಾಕಿ-ತಮಾಯ್ ಸ್ಟೆಂಟನ್ನು ಮನುಷ್ಯರಿಗೆ ಹಾಕಿ ನೋಡಿದರು. 2016ರ ಜುಲೈನಲ್ಲಿ ಅಬಾಟ್ ಕಂಪನಿಯ ‘ಅಬ್ಸಾರ್ಬ್’ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಸ್ಟೆಂಟು ಕರಗಲು ಮೂರು ವರ್ಷ ಹಿಡಿಯುತ್ತಿತ್ತು. ಅಷ್ಟರೊಳಗೆ ಅದೇ ಮಾರುಕಟ್ಟೆಯಿಂದ ಕರಗಿತು. 2017ರ ಸೆಪ್ಟೆಂಬರಿನಲ್ಲಿ ಕಂಪನಿ ಮಾರಾಟ ನಿಲ್ಲಿಸಿತು.

ತಪ್ಪಿದ್ದೆಲ್ಲಿ? ಪ್ಲಾಸ್ಟಿಕ್ಕಿಗೆ ಲೋಹದ ಕಸುವಿಲ್ಲ. ಅದಕ್ಕೇ ಎಳೆಗಳನ್ನು ಸುಮಾರು 150 ಮೈಕ್ರಾನ್ ದಪ್ಪ ಮಾಡಬೇಕಾಯಿತು. ಒಳ್ಳೆಯ ಲೋಹದ ಸ್ಟೆಂಟಿನಲ್ಲಿ ಅದರ ಅರ್ಧದಷ್ಟು ಸಾಕು. ಎರಡು-ಮೂರು ಮಿಲಿಮೀಟರ್ ಅಗಲದ ನಾಳದಲ್ಲಿ ಈ ದಪ್ಪ ರಕ್ತದ ಹರಿವಿಗೆ ಅಡ್ಡ. ಲೋಹದ ಸ್ಟೆಂಟಿಗಿಂತ ಇದರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಪ್ರಯೋಗಗಳಲ್ಲಿ ಕಂಡಿತು.

ಕೊನೆಗೆ ಗೆದ್ದದ್ದು ರಾಜಿ ಸೂತ್ರ: ಲೋಹ ಉಳಿಯಲಿ, ಔಷಧ ಹೊತ್ತ ಮೇಲಿನ ಲೇಪ ಕರಗಲಿ. 2015ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ‘ಸಿನರ್ಜಿ’ ಸ್ಟೆಂಟಿನಲ್ಲಿ ನಾಳದ ಗೋಡೆಗೆ ತಾಗುವ ಮೈಗೆ ಮಾತ್ರ ಲೇಪ, ಅದೂ ಬರೀ ನಾಲ್ಕು ಮೈಕ್ರಾನ್. ಔಷಧ ಬಿಟ್ಟುಕೊಟ್ಟು ಮೂರು-ನಾಲ್ಕು ತಿಂಗಳಲ್ಲಿ ಅದು ಇಲ್ಲವಾಗುತ್ತದೆ.

ಆ ಔಷಧದ ಪೂರ್ವಜನ ಕಥೆ ಇನ್ನೂ ಸೊಗಸು. 1964ರಲ್ಲಿ ಹೊರಟ ಕೆನಡಾದ ತಂಡವೊಂದು ಈಸ್ಟರ್ ದ್ವೀಪದಿಂದ ಹೊತ್ತು ತಂದ ಮಣ್ಣಿನ ಬ್ಯಾಕ್ಟೀರಿಯದಲ್ಲಿ ರ್ಯಾಪಮೈಸಿನ್ ಸಿಕ್ಕಿತು. ದ್ವೀಪದವರು ತಮ್ಮ ನೆಲವನ್ನು ಕರೆಯುವುದು ರಾಪಾ ನುಯಿ ಎಂದು. ಔಷಧದ ಹೆಸರೂ ಅಲ್ಲಿಂದಲೇ. ಅದನ್ನು ಬೇರ್ಪಡಿಸಿದ ತಂಡದ ಮುಂದಾಳು ಭಾರತೀಯ ಮೂಲದ ಸುರೇನ್ ಸೆಹಗಲ್. ಮಾಂಟ್ರಿಯಲ್ಲಿನ ಪ್ರಯೋಗಾಲಯಕ್ಕೆ ಬೀಗ ಬಿದ್ದಾಗ ಆ ಬ್ಯಾಕ್ಟೀರಿಯವನ್ನು ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಮನೆಯ ಫ್ರೀಜರಿನಲ್ಲಿ ಇಟ್ಟುಕೊಂಡರು. ಫ್ರಿಜ್ಜಿನ ಹಳೆ ಡಬ್ಬಿಗಳನ್ನು ಕೇಳದೆ ಎಸೆಯುವ ಸೊಸೆಯಂದಿರ ಕಿವಿಗೆ ಈ ಪ್ರಸಂಗ ಬೀಳಬೇಕೆಂದು ರಾಯರ ಅಭಿಪ್ರಾಯ.

ಕರಗುವ ಸ್ಟೆಂಟಿನ ಕಥೆ ಅಲ್ಲಿಗೇ ಮುಗಿದಿಲ್ಲ. ಗುಜರಾತಿನ ವಾಪಿಯ ಮೆರಿಲ್ ಕಂಪನಿ ಎಳೆಯನ್ನು 100 ಮೈಕ್ರಾನಿಗೆ ಇಳಿಸಿದೆ. ಮೊಣಕಾಲಿನ ಕೆಳಗಿನ ನಾಳಗಳಿಗೆಂದು ಅಬಾಟ್‌ನ ಹೊಸ ಮಾದರಿಗೆ 2024ರಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ನಮ್ಮ ಸರ್ಕಾರವಂತೂ 2017ರ ಫೆಬ್ರವರಿಯಲ್ಲೇ ಔಷಧ ಲೇಪಿತ ಸ್ಟೆಂಟಿಗೂ ಕರಗುವ ಸ್ಟೆಂಟಿಗೂ ಒಂದೇ ತಕ್ಕಡಿ ಹಿಡಿದು 29,600 ರೂಪಾಯಿಯ ಮಿತಿ ಹಾಕಿತ್ತು.

ನನ್ನ ತೀರ್ಪು ಇಷ್ಟೇ: ಹೋಗುವುದು ದೊಡ್ಡ ಗುಣವೇ ಇರಬಹುದು, ಇರುವಷ್ಟು ದಿನ ಗಟ್ಟಿಯಾಗಿ ನಿಲ್ಲುವುದು ಅದಕ್ಕಿಂತ ದೊಡ್ಡದು. ಸ್ಪ್ರಿಂಗು ಹಾಕಿಸಿಕೊಂಡ ಓದುಗರಿಗೆ ಒಂದು ಮಾತು. ಲೇಪ ಕರಗಿರಬಹುದು, ಎದೆನೋವೂ ಹೋಗಿರಬಹುದು. ಹಾಗೆಂದು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.