ಅರ್ಧ ರಕ್ಕಸನಿಗೆ ಜಾಗ ಕೊಡ್ತೀರಾ?



ಇವತ್ತು ಒಂದು ಆಟದ ಬಗ್ಗೆ ಬರೀತಿದೀನಿ. ಆಟ ತಾನೇ ಅಂತ ಮುಂದೆ ಹೋಗಬೇಡಿ, ಒಳಗಿರೋದು ನಮ್ಮ ವಿಷಯವೇ.

ಬೆಂಗಳೂರಲ್ಲಿರೋ ನನ್ನ ಅಕ್ಕನ ಮಗ ಭಾನುವಾರ ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತಾನೆ. 1974ರಲ್ಲಿ ಅಮೆರಿಕದಲ್ಲಿ ಬಂದ ಆಟ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಆಗ್ತಾರೆ, ಒಬ್ಬ ಕಥೆ ನಡೆಸ್ತಾನೆ, ದಾಳ ಬಿದ್ದಂಗೆ ಸೋಲು ಗೆಲುವು. ನಮ್ಮೂರ ಕಡೆ ಕುರುಕ್ಷೇತ್ರ ನಾಟಕಕ್ಕೆ ಪಾತ್ರ ಹಂಚಿಕೊಳ್ಳೋ ಹಾಗೆ, ಆದರೆ ಇಲ್ಲಿ ಮಾತು ಮೊದಲೇ ಬರೆದಿರಲ್ಲ. ಹುಡುಗ ‘ಹಾಫ್-ಆರ್ಕ್’ ಪಾತ್ರ ಕೇಳಿದ. ಅಂದ್ರೆ ಅರ್ಧ ಮನುಷ್ಯ, ಅರ್ಧ ರಕ್ಕಸ. ಕಥೆ ನಡೆಸೋನು “ಮಿಶ್ರ ರಾಕ್ಷಸರು ಬೇಡ, ಕಥೆ ಕೆಡುತ್ತೆ” ಅಂದನಂತೆ. ಹುಡುಗ ಫೋನಲ್ಲಿ ನಗ್ತಾ ಹೇಳಿದ. ನನಗೆ ನಗು ಬರಲಿಲ್ಲ. ಅವನ ತಾಯಿ ನಮ್ಮ ಕೇರಿಯವಳು, ತಂದೆ ಊರೊಳಗಿನ ಜಾತಿಯವರು.

ಈ ಆಟದ 1978ರ ನಿಯಮ ಪುಸ್ತಕದಲ್ಲಿ ಹಾಫ್-ಆರ್ಕ್‌ಗೆ ಜಾಗ ಇತ್ತು. ಎಂಥ ಜಾಗ ಗೊತ್ತಾ? ಮನುಷ್ಯನಿಗೆ ಬಹುತೇಕ ಕಸುಬಿನಲ್ಲಿ ಬಡ್ತಿಗೆ ಮಿತಿಯಿಲ್ಲ. ಹಾಫ್-ಆರ್ಕ್ ಯೋಧನಾದ್ರೆ 10ನೇ ಮೆಟ್ಟಿಲಿಗೆ ನಿಲ್ಲಬೇಕು, ಪುರೋಹಿತನಾದ್ರೆ 4ಕ್ಕೇ. ಹುಟ್ಟು ಅಡ್ಡ ಬರದೇ ಇದ್ದಿದ್ದು ಒಂದೇ ಕಸುಬಿಗೆ: ಹಂತಕ. ಯಾವ ಕುಲ ಯಾವ ಕುಲವನ್ನ ಸಹಿಸುತ್ತೆ, ಯಾವುದನ್ನ ದ್ವೇಷಿಸುತ್ತೆ ಅಂತ ಒಂದು ಪಟ್ಟಿನೂ ಇತ್ತು. ಮೆಟ್ಟಿಲಿನ ಮಿತಿ ಹೋಗಿದ್ದು 2000ದಲ್ಲಿ. ಬಡ್ತಿ ಫೈಲು ಓಡಾಡೋದನ್ನ ನೋಡಿರೋ ನನ್ನಂಥ ಗುಮಾಸ್ತನಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಿಲ್ಲ.

ಮನುಸ್ಮೃತಿಯ ಹತ್ತನೇ ಅಧ್ಯಾಯವೂ ಇಂಥದೇ ಪಟ್ಟಿ. ಶೂದ್ರ ತಂದೆಗೂ ಬ್ರಾಹ್ಮಣ ತಾಯಿಗೂ ಹುಟ್ಟಿದವನು ಚಂಡಾಲ, ಅವನ ವಾಸ ಊರಾಚೆ ಅನ್ನುತ್ತೆ. ಅವರ ಲೆಕ್ಕದಲ್ಲಿ ಮಿಶ್ರ ರಾಕ್ಷಸರು ನಾವೇ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟಿದ್ದು ಈ ನಿಯಮ ಪುಸ್ತಕವನ್ನೇ.

ಘಟೋತ್ಕಚನನ್ನ ನೆನಪಿಸಿಕೊಳ್ಳಿ. ಭೀಮ, ಹಿಡಿಂಬೆಯರ ಮಗ. ಯುದ್ಧಕ್ಕೆ ಬೇಕಾದ, ಕರ್ಣನ ಶಕ್ತ್ಯಾಯುಧಕ್ಕೆ ಎದೆಯೊಡ್ಡಲು ಬೇಕಾದ. ಅವನು ಸತ್ತಾಗ ಪಾಂಡವರು ಅತ್ತರೆ ಕೃಷ್ಣ ಕುಣಿದ. ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಿತ್ತು, ಇವನು ಯಜ್ಞದ್ವೇಷಿ ಅಂತ ಅವನು ಹೇಳೋದು ವ್ಯಾಸಭಾರತದ ದ್ರೋಣಪರ್ವದಲ್ಲೇ ಇದೆ.

2024ರ ಹೊಸ ಪುಸ್ತಕದಲ್ಲಿ ಆ ಕಂಪನಿ ‘ರೇಸ್’ ಪದ ತೆಗೆದು ‘ಸ್ಪೀಶೀಸ್’ ಅಂತ ಹಾಕಿದೆ. ಪೂರ್ತಿ ಆರ್ಕ್‌ಗೆ ಜಾಗ ಕೊಟ್ಟಿದೆ, ಹಾಫ್-ಆರ್ಕ್, ಹಾಫ್-ಎಲ್ಫ್ ಎರಡನ್ನೂ ಕೈಬಿಟ್ಟಿದೆ. ಬೇಕಾದವರು ಹಳೇ ಪುಸ್ತಕದಿಂದ ತಗೊಂಡು ಆಡಬಹುದಂತೆ. ‘ಅರ್ಧ’ ಅನ್ನೋ ಪದ ಅವಮಾನ, ಒಪ್ತೀನಿ. ಪದದ ಜೊತೆ ಮಗುವನ್ನೂ ಅಳಿಸಿಬಿಟ್ರೆ ಹೇಗೆ?

ನಮ್ಮ ಅರ್ಜಿ ಫಾರಂಗಳಲ್ಲೂ ಜಾತಿ ಕಾಲಂ ಒಂದೇ. ಆದ್ರೆ 2012ರಲ್ಲಿ, ತಾಯಿ ಆದಿವಾಸಿ, ತಂದೆ ಮೇಲ್ಜಾತಿಯಾಗಿದ್ದ ಗುಜರಾತಿನ ಒಬ್ಬರ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನ ಗಮನಿಸಿ: ತಂದೆಯ ಜಾತಿಯೇ ಮಗುವಿನ ಜಾತಿ ಅಂತ ಕಣ್ಣುಮುಚ್ಚಿ ತೀರ್ಮಾನಿಸೋ ಹಾಗಿಲ್ಲ, ಮಗು ಯಾರ ನಡುವೆ ಬೆಳೀತು, ಆ ಸಮುದಾಯದವರು ಉಂಡ ಅವಮಾನವನ್ನ ಅದೂ ಉಂಡಿದೆಯಾ ಅಂತ ನೋಡಬೇಕು. ಕಥೆ ನಡೆಸೋ ಹುಡುಗನಿಗೆ ನಾನು ಹೇಳೋದೂ ಇಷ್ಟೇ. ಪಾತ್ರ ಕೊಡಪ್ಪ. ಹುಟ್ಟಿನ ಲೆಕ್ಕದಲ್ಲಿ ಅಂಕ ಕಳೀಬೇಡ. ಅವನನ್ನ ಯಾರು ಸಾಕಿದ್ರು, ಯಾವ ಬಾವಿಯಲ್ಲಿ ನೀರು ಕೊಡಲಿಲ್ಲ, ಅದನ್ನ ಅವನ ಬಾಯಲ್ಲೇ ಹೇಳಿಸು. ಕಥೆ ಕೆಡಲ್ಲ, ಅಲ್ಲಿಂದಲೇ ಶುರುವಾಗುತ್ತೆ.

ನಮ್ಮ ಕಿಬ್ಬನಹಳ್ಳಿ ಸುತ್ತ ಎತ್ತ ನೋಡಿದ್ರೂ ತೆಂಗು. ಎತ್ತರದ ತಳಿ, ಗಿಡ್ಡ ತಳಿ ಕೂಡಿಸಿದ ಹೈಬ್ರಿಡ್ ಸಸಿ ಅಂದ್ರೆ ಜಾಸ್ತಿ ದುಡ್ಡು ಕೊಟ್ಟು ತರ್ತಾರೆ. ಡೈರಿಗೆ ಹೋಗೋ ಹಾಲು ಮಿಶ್ರತಳಿ ಹಸುವಿಂದು. ಅದೇ ಮನೆಯಲ್ಲಿ ಮಗಳು ಕೇರಿ ಹುಡುಗನ ಕೈ ಹಿಡಿದ್ರೆ ಮಾತ್ರ ಕುಲ ಕೆಡುತ್ತೆ!

ನಿಮ್ಮ ಮಕ್ಕಳೂ ಇಂಥ ಆಟ ಆಡ್ತಿದ್ರೆ ಬೈಬೇಡಿ. ಆ ಪುಸ್ತಕ ಇಸ್ಕೊಂಡು, ಯಾರಿಗೆ ಎಷ್ಟು ಮೆಟ್ಟಿಲು ಬರೆದಿದೆ ಅಂತ ಒಮ್ಮೆ ನೋಡಿ. ನೋಡಿದ್ದನ್ನ ಇಲ್ಲಿ ಬರೀರಿ.

ಜೈ ಭೀಮ್.