ಶ್ರಾವಕನ ಕಿವಿ

ಶ್ರಾವಕನೆಂದರೆ ಕೇಳುವವನು. ಆದರೆ 72 ದಾಟಿದ ಆ ಜವಳಿ ವರ್ತಕರು ಬಸದಿಯ ಪ್ರವಚನದಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತು, ಇತರರು ತಲೆದೂಗಿದಾಗ ತಾವೂ ತಲೆದೂಗಿ ಮನೆಗೆ ಮರಳುತ್ತಿದ್ದರು. ಧ್ವನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮುಪ್ಪಿನಲ್ಲಿ ಮೊದಲು ಕುಂದುವುದು ತಾರಸ್ವರಗಳನ್ನು ಗ್ರಹಿಸುವ ಶಕ್ತಿ. ಸಕಾರ, ತಕಾರಗಳಂತಹ ವ್ಯಂಜನಗಳು ಜಾರಿಹೋಗುತ್ತವೆ.

ಒಮ್ಮೆ ಪರಊರಿನ ವ್ಯಾಪಾರಿ ಫೋನಿನಲ್ಲಿ ಇಪ್ಪತ್ತು ಸೀರೆ ಕೇಳಿದರೆ ಇವರು ಎಪ್ಪತ್ತೆಂದು ಬರೆದುಕೊಂಡರು. ಮಾಲು ಹಿಂದಿರುಗಿತು. "ಅಪ್ಪಾಜಿ, ನಿಮಗೆ ಮರೆವು ಹೆಚ್ಚಾಗಿದೆ. ಲೆಕ್ಕದ ಪುಸ್ತಕ ಇನ್ನು ನಾನೇ ನೋಡಿಕೊಳ್ಳುತ್ತೇನೆ" ಎಂದು ಮಗ ಅದನ್ನು ತೆಗೆದುಕೊಂಡನು. ಅವರು ಮರುಮಾತಾಡಲಿಲ್ಲ. ಅಂದಿನಿಂದ ಅಂಗಡಿಯಲ್ಲಿ ಮಾತನ್ನೇ ಕಡಿಮೆ ಮಾಡಿದರು.

ಕೇಳಿಸದಿರುವುದನ್ನು ಮರೆವೆಂದು ಬಗೆಯುವ ತಪ್ಪು ಅನೇಕ ಮನೆಗಳಲ್ಲಿ ನಡೆಯುತ್ತದೆ. ಹಾಗೆಂದು ಇವೆರಡಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯ ಆಯೋಗವು 2024ರಲ್ಲಿ ಮರೆಗುಳಿ ರೋಗಕ್ಕೆ ಪಟ್ಟಿಮಾಡಿದ, ತಡೆಯಲು ಯತ್ನಿಸಬಹುದಾದ 14 ಕಾರಣಗಳಲ್ಲಿ ಕಿವುಡುತನವೂ ಒಂದು. ಅಸ್ಪಷ್ಟ ಶಬ್ದವನ್ನು ಬಿಡಿಸುವುದರಲ್ಲಿಯೇ ಮಿದುಳು ದಣಿಯುವುದು, ಮನುಷ್ಯನು ಸಂಭಾಷಣೆಯಿಂದ ದೂರ ಸರಿಯುವುದು ಇದಕ್ಕೆ ಹೇತುವಾಗಿರಬಹುದೆಂದು ತಜ್ಞರು ಊಹಿಸುತ್ತಾರೆ.

ಅಮೆರಿಕದ ನಾಲ್ಕು ಕೇಂದ್ರಗಳಲ್ಲಿ 70ರಿಂದ 84 ವಯಸ್ಸಿನ 977 ಮಂದಿಯನ್ನು ಮೂರು ವರ್ಷ ಪರಿಶೀಲಿಸಿದ ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶ್ರವಣಯಂತ್ರ, ಇನ್ನೊಂದಕ್ಕೆ ಆರೋಗ್ಯಬೋಧೆ. ಒಟ್ಟು ಲೆಕ್ಕದಲ್ಲಿ ಬುದ್ಧಿಶಕ್ತಿಯ ಇಳಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದ ವಿಭಾಗದಲ್ಲಿ ಯಂತ್ರ ಧರಿಸಿದವರ ಇಳಿತ ಶೇ. 48ರಷ್ಟು ಕಡಿಮೆಯಿತ್ತು. ಜಮಾ-ಖರ್ಚು ಬಲ್ಲವರು ಎರಡು ಕಲಮುಗಳನ್ನೂ ಓದಬೇಕು. ಯಂತ್ರವನ್ನು ಮರೆವಿನ ಮದ್ದೆಂದು ಮಾರುವುದೂ ಸುಳ್ಳು, ನಿಷ್ಪ್ರಯೋಜಕವೆಂದು ತಳ್ಳುವುದೂ ಸುಳ್ಳು.

"ಈ ವಯಸ್ಸಿನಲ್ಲಿ ಅದೇಕೆ?" ಎಂದ ವರ್ತಕರು ಅದಕ್ಕೆ ಅಪರಿಗ್ರಹದ ಹೆಸರು ಕೊಟ್ಟರು. ನಿಜವಾಗಿ ಅದು ಸಂಕೋಚ. ಮೂವತ್ತು ವರ್ಷದಿಂದ ಮೂಗಿನ ಮೇಲಿದ್ದ ಕನ್ನಡಕಕ್ಕೆ ಅಪರಿಗ್ರಹ ಅಡ್ಡಬಂದಿರಲಿಲ್ಲ. ಕೊನೆಗೆ ಸೊಸೆಯೇ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದೊಯ್ದಳು. ಮೊದಲ ವಾರ ಪಾತ್ರೆಗಳ ಸದ್ದಿಗೆ ಬೇಸತ್ತು ಯಂತ್ರವನ್ನು ಪೆಟ್ಟಿಗೆಗೆ ಸೇರಿಸಿದರು. ಹೊಸ ಸದ್ದಿಗೆ ಮಿದುಳು ಒಗ್ಗಲು ವಾರಗಳೇ ಬೇಕು. ಎರಡನೆಯ ಸಲ ಹೋಗಿ ಸರಿಹೊಂದಿಸಿಕೊಂಡ ಮೇಲೆ ಅದು ಕಿವಿಯಲ್ಲಿ ನಿಂತಿತು.

ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕ ತೆರೆದಾಗ ಮಗ ಅದನ್ನು ತಂದೆಯ ಮುಂದಿಟ್ಟನು. ಈಗಲೂ ಫೋನಿನಲ್ಲಿ ಬೇಡಿಕೆ ಬಂದರೆ ಅವರು ಬರೆಯುವ ಮುನ್ನ ಒಮ್ಮೆ ಕೇಳುತ್ತಾರೆ: "ಎರಡು ಸೊನ್ನೆಯೋ, ಏಳು ಸೊನ್ನೆಯೋ?"