ಗಂಟೆಗೊಂದು ಮುಖ

ಏಳಕ್ಕೆ ಇನ್ನೂ ಮೂರು ನಿಮಿಷ ಇರುವಾಗಲೇ ನಿಮಗೆ ಎಚ್ಚರವಾಗುತ್ತದೆ. ಎದ್ದು ಕೂತು ಕಿಟಕಿಯ ಕಡೆ ತಿರುಗುತ್ತೀರಿ, ಮುಖದ ಮೇಲೆ ಬೆಳಕು ಬೀಳಲಿ ಎಂದು. ಫೋನು ಎತ್ತಿ ಹಿಡಿದು, ನಿಮ್ಮ ಫೋಟೋ ನೀವೇ ತೆಗೆದು, ಸರ್ಕಾರಕ್ಕೆ ಕಳಿಸುತ್ತೀರಿ. ಕೂದಲು ಕೆದರಿದೆ, ಕಣ್ಣಲ್ಲಿ ಪಿಸುರು ಹಾಗೇ ಇದೆ. ಫೋಟೋ ಹೋಯಿತು ಎಂದು ಖಾತ್ರಿಯಾಗುವವರೆಗೆ ಉಸಿರು ಬಿಗಿಹಿಡಿದು ಕೂತಿರುತ್ತೀರಿ. ಮುಂದಿನದು ಎಂಟಕ್ಕೆ.

2020ರ ಏಪ್ರಿಲ್ 2, ಗುರುವಾರ. ಊರು ಬೇಗೂರು. ಇವತ್ತು ರಾಮನವಮಿ. ಬೇರೆ ವರ್ಷವಾಗಿದ್ದರೆ ಈ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ಚಪ್ಪರ ಎದ್ದಿರುತ್ತಿತ್ತು, ಕೊಳಗದಲ್ಲಿ ಪಾನಕ ಕದಡುವ ಸದ್ದು ಕೇಳುತ್ತಿತ್ತು. ಈಗ ಕೇಳುವುದು ಕಾಗೆ, ನೀರಿನ ಟ್ಯಾಂಕರಿನ ಮೋಟಾರು, ದೂರದಲ್ಲೆಲ್ಲೋ ಆಂಬುಲೆನ್ಸು. ಆಂಬುಲೆನ್ಸಿನ ದನಿ ಬೇಗೂರು ರಸ್ತೆಯಿಂದ ಒಳಗೆ ತಿರುಗುತ್ತದೋ, ನೇರ ಹೋಗುತ್ತದೋ ಎಂದು ಓಣಿಯ ಎಲ್ಲ ಮನೆಗಳೂ ಕಿವಿಗೊಟ್ಟಿವೆ. ನೇರ ಹೋಯಿತು.

ನೀವು ವಿಮಾನ ಇಳಿದು ಬಂದವರು. ಮಾರ್ಚ್ 21ರಂದು ದೇವನಹಳ್ಳಿಯ ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿ, ಜ್ವರ ನೋಡಿ, ಕೈ ಚಾಚಿ ಅಂದರು. ಚಾಚಿದಿರಿ. ಮುಂಗೈ ಮೇಲೆ ಒಂದು ಮುದ್ರೆ ಬಿತ್ತು, ಅದರಲ್ಲಿ ಒಂದು ತಾರೀಖು. ಅಲ್ಲಿಯವರೆಗೆ ಮನೆ ಬಿಟ್ಟು ಹೊರಡುವಂತಿಲ್ಲ. ಅವತ್ತು ನೇರಳೆಯಾಗಿದ್ದ ಗುರುತು ಮರುದಿನ ಬಿಸಿಲಿಗೆ ಕಪ್ಪಾಯಿತು. ಹುಣಸೆಹಣ್ಣು ತಿಕ್ಕಿದಿರಿ, ನಿಂಬೆಹೋಳು ತಿಕ್ಕಿದಿರಿ. ಅಳಿಸಿ ಓಡಿಹೋಗುವ ಯೋಚನೆಯೇನೂ ನಿಮಗಿರಲಿಲ್ಲ. ಕೈ ನಿಮ್ಮದು ಅನ್ನಿಸಲಿ ಎಂದಷ್ಟೇ. ಅದು ಜಗ್ಗಲಿಲ್ಲ.

ಜಗ್ಗುವುದಿಲ್ಲ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮಕ್ಕೆ ಕಚ್ಚಿಕೊಂಡು ಬೆಳಕಿಗೆ ಕಪ್ಪಾಗುತ್ತದೆ, ಹಳೆ ಚರ್ಮ ಸುಲಿದು ಹೊಸದು ಬಂದಾಗಲೇ ಹೋಗುತ್ತದೆ. ನಮ್ಮ ದೇಶದ ಚುನಾವಣೆಗಳಿಗೆ ಈ ಅಳಿಸಲಾಗದ ಮಸಿಯನ್ನು ತಯಾರಿಸಿ ಕೊಡುವುದು ಮೈಸೂರಿನ ಮೈಲ್ಯಾಕ್, ಅಂದರೆ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. 1962ರ ಮಹಾಚುನಾವಣೆಯಿಂದ ಈಚೆಗೆ ಮತ ಹಾಕಿದವರ ಬೆರಳಿಗೆ ಬಿದ್ದದ್ದು ಈ ಮಸಿ. ವಿಮಾನ ನಿಲ್ದಾಣಗಳಲ್ಲಿ ಮುದ್ರೆ ಒತ್ತುವ ಕೆಲಸ ಶುರುವಾದ ಮೇಲೆ, ಮಾರ್ಚ್ 25ರಂದು, ಚುನಾವಣಾ ಆಯೋಗ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ಮತದಾನಕ್ಕೆ ತೊಡಕಾಗದ ಜಾಗದಲ್ಲಿ ಗುರುತು ಬೀಳಬೇಕು ಎಂಬುದು ಆಯೋಗದ ಕಾಳಜಿ. ನಿಮ್ಮ ತೋರುಬೆರಳು ಬಲ್ಲ ಮಸಿ ಅದು. ಮತಗಟ್ಟೆಯಲ್ಲಿ ಅದನ್ನು ಹಚ್ಚಿಸಿಕೊಳ್ಳಲು ಸಾಲಿನಲ್ಲಿ ನಿಂತು ಕಾದಿದ್ದೀರಿ, ಹೊರಗೆ ಬಂದು ಬೆರಳೆತ್ತಿ ಫೋಟೋ ತೆಗೆಸಿಕೊಂಡಿದ್ದೀರಿ. ಈಗ ಆ ಕೈಯನ್ನು ಟವೆಲ್ಲಿನಲ್ಲಿ ಮುಚ್ಚಿ ಕೂರುತ್ತೀರಿ.

ಎಂಟು ಗಂಟೆ. ಫೋಟೋ.

ಆ್ಯಪಿನ ಹೆಸರು ಕ್ವಾರಂಟೈನ್ ವಾಚ್. ಮೂರು ದಿನದ ಹಿಂದೆ, ಮಾರ್ಚ್ 30ರಂದು, ವೈದ್ಯಕೀಯ ಶಿಕ್ಷಣ ಸಚಿವ ಡಾ. ಕೆ. ಸುಧಾಕರ್ ಪ್ರಕಟಿಸಿದ ಏರ್ಪಾಡು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ನಿದ್ದೆಗೆ ಬಿಡುವು. ಮಿಕ್ಕಂತೆ ಗಂಟೆಗೊಂದು ಸೆಲ್ಫಿ. ಫೋಟೋ ತೆಗೆದ ಜಾಗದ ಗುರುತೂ ಅದರೊಳಗೇ ಹೋಗುತ್ತದೆ. ಬಂದ ಚಿತ್ರಗಳನ್ನು ಪರಿಶೀಲಿಸಲು ಒಂದು ತಂಡವಿದೆ. ಕಳಿಸದಿದ್ದರೆ, ತಪ್ಪು ಫೋಟೋ ಕಳಿಸಿದರೆ, ಮನೆ ಬಾಗಿಲಿಗೆ ಬಂದು ಸಾಮೂಹಿಕ ಕ್ವಾರಂಟೈನಿಗೆ ಕರೆದೊಯ್ಯುತ್ತಾರೆ. ಸ್ನಾನಕ್ಕೆ ಹೋಗುವ ಮೊದಲು ಗಡಿಯಾರ ನೋಡುವುದು ನಿಮಗೆ ಮೂರೇ ದಿನದಲ್ಲಿ ರೂಢಿಯಾಗಿದೆ. ನಾನು ಇದನ್ನು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಈ ರೂಢಿಯ ವೇಗ.

ಅಮ್ಮ ಹೊಸ್ತಿಲ ಆಚೆ ತಟ್ಟೆ ಇಟ್ಟು, ಬಾಗಿಲು ತಟ್ಟಿ, ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೋಸಂಬರಿ, ಸ್ಟೀಲ್ ಲೋಟದಲ್ಲಿ ಪಾನಕ. ಏಲಕ್ಕಿಯ ವಾಸನೆ ಬಾಗಿಲು ತೆರೆಯುವ ಮೊದಲೇ ಒಳಗೆ ಬಂದಿದೆ.

"ಹೆಂಗಿದೆ ಇವತ್ತು?"

"ಚೆನ್ನಾಗಿದೀನಮ್ಮಾ. ನೀನು ದೂರ ಇರು."

"ದೂರಾನೇ ಇದೀನಿ ಕಣಪ್ಪಾ. ಇನ್ನೆಷ್ಟು ದೂರ ಹೋಗ್ಲಿ?"

ಅಮ್ಮನಿಗೆ ಸಕ್ಕರೆ ಕಾಯಿಲೆ. ಈ ಸೋಂಕು ತಗುಲಿದರೆ ಏನಾಗಬಹುದು ಎಂಬುದು ನಿಮಗೆ ಗೊತ್ತು. ನಮ್ಮ ರಾಜ್ಯದಲ್ಲೇ, ಕಲಬುರಗಿಯಲ್ಲಿ, ಮಾರ್ಚ್ ಎರಡನೇ ವಾರದಲ್ಲಿ ದೇಶದ ಮೊದಲ ಕೋವಿಡ್ ಸಾವು ಆಯಿತು. ಆದ್ದರಿಂದ ಕೋಣೆಯ ಬಾಗಿಲು ಹಾಕಿಕೊಂಡವರು ನೀವೇ, ಯಾರೂ ಹೇಳುವ ಮೊದಲು. ಯಾರಾದರೂ ಎದುರು ಕೂತು, ಹದಿನಾಲ್ಕು ದಿನ ಹೀಗಿರಬೇಕಪ್ಪಾ, ಇಂಥ ಕಾರಣಕ್ಕೆ, ಆಗುತ್ತಾ ಎಂದು ಕೇಳಿದ್ದರೆ ಆಗುತ್ತೆ ಅನ್ನುತ್ತಿದ್ದಿರಿ. ಕೇಳಿದವರಿಲ್ಲ. ವೈದ್ಯರ ಆಳ್ವಿಕೆ ಕುರಿತ ಭಯಾನಕ ಕಥೆಗಳಲ್ಲಿ ಸಾಮಾನ್ಯವಾಗಿ ರೋಗವೇ ಸುಳ್ಳು ಎಂದು ಕೊನೆಗೆ ಬಯಲಾಗುತ್ತದೆ. ಬೇಗೂರಿನ ಈ ಕೋಣೆಯಲ್ಲಿ ರೋಗ ನಿಜ. ಅದಕ್ಕೇ ಇದು ಕಷ್ಟ. ಅಮ್ಮನ ಜೀವ ಮುಂದಿಟ್ಟು ಕೇಳಿದರೆ ಮನುಷ್ಯ ಯಾವುದನ್ನು ತಾನೇ ಬಿಟ್ಟುಕೊಡುವುದಿಲ್ಲ?

ಹನ್ನೊಂದು ಗಂಟೆಯ ಫೋಟೋ ಹೋದ ಮೇಲೆ ವಾಟ್ಸಾಪಿಗೆ ಒಂದು ಕಡತ ಬರುತ್ತದೆ. ಹಳೆಯ ಗೆಳೆಯ ಕಳಿಸಿದ್ದು. "ಇದು ನಿಮ್ಮನೇದಲ್ವಾ?" ವಿದೇಶದಿಂದ ಬಂದು ಮನೆಯಲ್ಲಿ ಪ್ರತ್ಯೇಕವಾಗಿ ಇರುವವರ ವಿಳಾಸಗಳ ಪಟ್ಟಿ, ಸರ್ಕಾರವೇ ಮಾರ್ಚ್ ಕೊನೆಯಲ್ಲಿ ಪ್ರಕಟಿಸಿದ್ದು. ಪುಟ ಜರುಗಿಸುತ್ತೀರಿ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟು. ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡು. ಬೇಗೂರು ಸಿಕ್ಕಾಗ ಬೆರಳು ನಿಲ್ಲುತ್ತದೆ. ಹಾಲಿನವನು ಗೇಟಿನ ಆಚೆಯಿಂದಲೇ ನಂದಿನಿ ಪ್ಯಾಕೆಟ್ಟು ಎಸೆದು ಹೋಗುತ್ತಿರುವುದು ಯಾಕೆ, ಮನೆಕೆಲಸದಾಕೆಗೆ ಅವಳ ವಠಾರದವರು ಬರಬೇಡ ಅಂದದ್ದು ಯಾಕೆ, ಈಗ ಅರ್ಥವಾಗುತ್ತದೆ. ಗೇಟಿಗೆ ಅಂಟಿಸಿದ ನೋಟಿಸಂತೂ ಇದ್ದೇ ಇದೆ. ಮೈದಾ ಅಂಟು ಒಣಗಿ ಅಂಚು ಮಡಚಿಕೊಂಡಿದೆ, ಗಾಳಿ ಬಂದಾಗ ಪಟಪಟ ಎನ್ನುತ್ತದೆ. ಅದರ ಮುಂದೆ ಬಂದಾಗ ಜನ ಎದುರು ಬದಿಗೆ ದಾಟುತ್ತಾರೆ. ಇಂಥ ನೋಟಿಸು ಬಿದ್ದ ಮನೆಯವರನ್ನು ಅಸ್ಪೃಶ್ಯರಂತೆ ಕಾಣಲಾಗುತ್ತಿದೆ ಎಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಹೇಳುವುದಕ್ಕೆ ಇನ್ನೂ ಎಂಟು ತಿಂಗಳಿದೆ. ಆ ಡಿಸೆಂಬರಿನಲ್ಲಿ, ಅಧಿಕಾರವುಳ್ಳವರ ನಿರ್ದಿಷ್ಟ ಆದೇಶವಿಲ್ಲದೆ ಮನೆಗಳ ಮುಂದೆ ಇಂಥದ್ದು ಅಂಟಿಸುವಂತಿಲ್ಲ ಎಂದು ಕೋರ್ಟು ಹೇಳಲಿದೆ.

ಇದಕ್ಕೆಲ್ಲ ಬಲ ಕೊಟ್ಟದ್ದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಯ ಪ್ಲೇಗಿಗೆ ಬ್ರಿಟಿಷರು ಅವಸರದಲ್ಲಿ ಮಾಡಿದ, ನಾಲ್ಕೇ ಕಲಮಿನ ಕಾಯ್ದೆ. ಒಂದು ಕಲಮು ಶಿಕ್ಷೆಗೆ. ಇನ್ನೊಂದು, ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ಅಧಿಕಾರಿಗಳ ಮೇಲೆ ದಾವೆ ಹೂಡುವಂತಿಲ್ಲ ಎಂಬುದಕ್ಕೆ. ರೋಗಿಗೆ ಏನು ಹಕ್ಕಿದೆ ಎಂಬುದಕ್ಕೆ ಕಲಮಿಲ್ಲ. ಪುಣೆಯಲ್ಲಿ ಮನೆಮನೆ ಜಾಲಾಡಿದ ಅಧಿಕಾರಿ ರ್‍ಯಾಂಡ್‌ನನ್ನು ಚಾಫೇಕರ್ ಸಹೋದರರು ಆ ವರ್ಷವೇ ಗುಂಡಿಟ್ಟು ಕೊಂದರು. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೂ ಬಂತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಪೇಟೆಯ ಜನ ಊರಾಚೆ ಶೆಡ್ಡುಗಳಿಗೆ ಹೋದರು. ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೇಗ ಬೆಳೆಯಲು ಆ ಭಯವೂ ಒಂದು ಕಾರಣ. ಆ ಬಡಾವಣೆಗಳ ಗಾಳಿ ಬೆಳಕು ಚೆಂದ ಎಂದು ಹೊಗಳುವಾಗ ನಾವು ಆ ಶೆಡ್ಡುಗಳನ್ನು ನೆನೆಯುವುದಿಲ್ಲ.

ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಿ ಆರೋಗ್ಯ ಇಲಾಖೆಯ ಬುಲೆಟಿನ್ ಓದುತ್ತೀರಿ. ಅಲ್ಲಿ ಯಾರಿಗೂ ಹೆಸರಿಲ್ಲ. 'ಪಿ' ಅಕ್ಷರ, ಒಂದು ಗೆರೆ, ಒಂದು ಸಂಖ್ಯೆ. ಇಂಥ ಸಂಖ್ಯೆಯ ಸಂಪರ್ಕದಿಂದ ಇಂಥ ಸಂಖ್ಯೆ. ಸುಮಾರು ನೂರು ವರ್ಷದ ಹಿಂದೆ ರಷ್ಯದ ಯೆವ್ಗೆನಿ ಝಮ್ಯಾತಿನ್ 'ನಾವು' ಎಂಬ ಕಾದಂಬರಿ ಬರೆದ. ಅದರ ಜನ ಗಾಜಿನ ಮನೆಗಳಲ್ಲಿ ಇರುತ್ತಾರೆ. ಅವರಿಗೆ ಹೆಸರಿಲ್ಲ. ನಾಯಕ ಡಿ-503. ಕೊನೆಗೆ ಶಸ್ತ್ರಚಿಕಿತ್ಸೆ ಮಾಡಿ ಅವರ ಕಲ್ಪನೆಯನ್ನೇ ತೆಗೆದುಹಾಕುತ್ತಾರೆ, ಅವರ ಒಳಿತಿಗೆ ಎಂದು ಹೇಳಿ. ಬುಲೆಟಿನ್ನಿನ ಸಂಖ್ಯೆಗಳು ಹೆಸರು ಮುಚ್ಚಿಡುವ ಒಳ್ಳೆಯ ಉದ್ದೇಶದಿಂದಲೇ ಬಂದವು, ಅದನ್ನು ಒಪ್ಪುತ್ತೇನೆ. ಆದರೆ ಇನ್ನು ಮೂರು ವಾರಕ್ಕೆ ಪಕ್ಕದ ಹೊಂಗಸಂದ್ರದಲ್ಲಿ ಬಿಹಾರದ ಒಬ್ಬ ಕೂಲಿ ಕಾರ್ಮಿಕರಿಗೆ ಸೋಂಕು ಕಾಣಿಸಲಿದೆ. ಒತ್ತೊತ್ತಾಗಿ ಬದುಕುವ ಅವರ ಓಣಿ ಸೀಲ್‌ಡೌನ್ ಆಗಲಿದೆ, ಬೇಗೂರು ರಸ್ತೆಯ ಜನ ಆ ಮನುಷ್ಯನ ಸಂಖ್ಯೆ ಹಿಡಿದು ಬೈಯಲಿದ್ದಾರೆ. ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ.

ಇದೇ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಒಂದು ವೀರಗಲ್ಲಿದೆ. ಗಂಗರ ಕಾಲದ್ದು, ಕ್ರಿ.ಶ. 890ರ ಆಸುಪಾಸಿನದು. 'ಬೆಂಗಳೂರು' ಎಂಬ ಹೆಸರು ಸಿಗುವ ಅತಿ ಹಳೆಯ ಬರಹ ಎಂದು ಅದನ್ನು ನೋಡಲು ಬರುತ್ತಾರೆ. ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಎಂಬವನು ಸತ್ತ ಸಂಗತಿ ಅದರಲ್ಲಿದೆ. ಅವನು ಅರಸನೇನಲ್ಲ. ಆದರೂ ಊರಿನ ಹೆಸರಿನ ಜೊತೆಗೆ ಅವನ ಹೆಸರನ್ನೂ ಕಲ್ಲಿನಲ್ಲಿ ಕೊರೆದರು. ಇವತ್ತು ಗುಡಿಯ ಬಾಗಿಲು ಹಾಕಿದೆ.

ಮೂರೂವರೆಗೆ ಗೇಟಿನ ಹತ್ತಿರ ದನಿ. "ಅಣ್ಣಾ, ಒಸಿ ಬಾಗಿಲ ಹತ್ರ ಬನ್ನಿ. ಅಲ್ಲೇ ನಿಂತ್ಕೊಳ್ಳಿ, ಸಾಕು."

ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಬಗಲಲ್ಲಿ ಉದ್ದನೆಯ ನೋಟ್‌ಬುಕ್ಕು, ಬ್ಲೌಸ್ ಪೀಸಿನಲ್ಲಿ ಹೊಲಿದ ಮಾಸ್ಕು. ಬಿಸಿಲಲ್ಲಿ ನಡೆದು ಬಂದ ಕಾಲಿಗೆ ಧೂಳು.

"ಜ್ವರ, ಕೆಮ್ಮು?"

"ಇಲ್ಲಕ್ಕಾ."

"ಊಟ ಸೇರ್ತಾ ಇದ್ಯಾ? ನಿದ್ದೆ?" ನೀವು ಉತ್ತರ ಹುಡುಕುವಷ್ಟರಲ್ಲಿ ಆಕೆ ಕತ್ತು ಉದ್ದ ಮಾಡಿ ಒಳಗೆ ನೋಡುತ್ತಾರೆ. "ಅಮ್ಮಂಗೆ ಶುಗರ್ ಮಾತ್ರೆ ಇದ್ಯಾ? ಖಾಲಿ ಆಗೋಕ್ ಮುಂಚೆ ಹೇಳಿ, ನಾನೇ ತಂದ್ಕೊಡ್ತೀನಿ."

"ಮಾಸ್ಕು ಅವ್ರೇ ಕೊಟ್ರಾ ಅಕ್ಕಾ?"

"ನಾನೇ ಹೊಲ್ಕೊಂಡೆ. ಇನ್ನೂ ಎಪ್ಪತ್ತು ಮನೆ ಇದೆ, ಬರ್ತೀನಿ."

ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು ಮುಂದಿನ ಗೇಟಿಗೆ ನಡೆಯುತ್ತಾರೆ. ಹನ್ನೆರಡು ದಿನದಲ್ಲಿ ನಿದ್ದೆ ಬರುತ್ತಾ ಎಂದು ನಿಮ್ಮನ್ನು ಕೇಳಿದವರು ಇವರೊಬ್ಬರೇ. ಜುಲೈ ಬರುವ ಹೊತ್ತಿಗೆ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನಕ್ಕಾಗಿ ಕೆಲಸ ನಿಲ್ಲಿಸಿ ಹೋರಾಟಕ್ಕೆ ಇಳಿಯಬೇಕಾಗುತ್ತದೆ. ಅದೇ ಜುಲೈನಲ್ಲಿ ದೊಮ್ಮಲೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡು ಹೊಡೆಯಲಾಗುತ್ತದೆ. ಒಂದರೊಳಗೆ ಎರಡು ಚಿಕ್ಕ ಮಕ್ಕಳ ಜೊತೆ ತಾಯಿ, ಇನ್ನೊಂದರಲ್ಲಿ ವಯಸ್ಸಾದ ದಂಪತಿ. ಬೆಂಕಿ ಬಿದ್ದರೆ? ತಗಡು ಕಿತ್ತರು, ಪಾಲಿಕೆಯ ಆಯುಕ್ತ ಮಂಜುನಾಥ್ ಪ್ರಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಕ್ಷಮೆಯನ್ನು ನಾನು ಹಗುರವಾಗಿ ನೋಡುವುದಿಲ್ಲ, ಅಧಿಕಾರದಲ್ಲಿ ಇದ್ದವರು ಹಾಗೆ ಕೇಳುವುದು ಅಪರೂಪ.

ಆರು, ಏಳು, ಎಂಟು. ಕರೆಂಟು ಹೋಗಿ ಬಂದ ಹತ್ತು ನಿಮಿಷದಲ್ಲಿ ಎದೆ ಬಡಿದುಕೊಂಡದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಇದೇ ದೇಶದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮ ಬೆಂಗಳೂರಿನವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ. ಆರೋಗ್ಯ ಸೇತು ಆ್ಯಪಿನಲ್ಲಿ ಸೇರಿದ ಮಾಹಿತಿಯನ್ನು ಜನರ ಒಪ್ಪಿಗೆ ಇಲ್ಲದೆ ಹಂಚುವಂತಿಲ್ಲ ಎಂದು 2021ರ ಜನವರಿ 25ರಂದು ಇದೇ ಹೈಕೋರ್ಟು ಮಧ್ಯಂತರ ಆದೇಶ ಕೊಡುತ್ತದೆ. ಬಲವಂತವಾಗಿ ಯಾರಿಗೂ ಲಸಿಕೆ ಚುಚ್ಚುವಂತಿಲ್ಲ, ಅವರ ಮೈ ಅವರದು ಎಂದು 2022ರ ಮೇ 2ರಂದು ಸುಪ್ರೀಂ ಕೋರ್ಟು ಹೇಳುತ್ತದೆ, ಸಮುದಾಯದ ಹಿತಕ್ಕಾಗಿ ಸರ್ಕಾರ ಮಿತಿಗಳನ್ನು ಹೇರಬಹುದು ಎಂದೂ ಸೇರಿಸುತ್ತದೆ. ಅದೆಲ್ಲ ಆಮೇಲಿನ ಮಾತು. ಈ ಕೋಣೆಯಲ್ಲಿ ಈಗ ಒಂಬತ್ತು ಗಂಟೆ. ಟ್ಯೂಬ್‌ಲೈಟಿನ ಕೆಳಗೆ ನಿಂತು ಮುಖ ಎತ್ತುತ್ತೀರಿ.

ಹತ್ತಕ್ಕೆ ಕೊನೆಯದು ಹೋಗುತ್ತದೆ. ಇನ್ನು ಬೆಳಿಗ್ಗೆ ಏಳರವರೆಗೆ ನೀವು ಯಾರಿಗೂ ಬೇಕಿಲ್ಲ. ಮಲಗುತ್ತೀರಿ. ನಿದ್ದೆ ಬರುವುದಿಲ್ಲ.

ಹೊರಗಿನ ಮೆಟ್ಟಿಲು ಹತ್ತಿದರೆ ತಾರಸಿ. ನಿಮ್ಮದೇ ಮನೆಯ ತಾರಸಿ, ಅಪ್ಪ ಸಾಲ ಮಾಡಿ ಹಾಕಿಸಿದ ಮೋಲ್ಡು. ಅಲ್ಲಿಗೆ ಹೋದರೆ ಮನೆಯಲ್ಲೇ ಇದ್ದ ಹಾಗೆ ಲೆಕ್ಕವೋ, ಹೊರಗೆ ಹೋದ ಹಾಗೆ ಲೆಕ್ಕವೋ? ಎದುರುಮನೆಯವರು ನೋಡಿ ಫೋನು ಮಾಡಿದರೆ? ಕತ್ತಲಲ್ಲಿ ಕೂತು ಇದನ್ನು ಯೋಚಿಸುತ್ತೀರಿ, ನಲವತ್ತು ದಾಟಿದ ಗಂಡಸು. ಆಮೇಲೆ ಮಾಸ್ಕು ಕಟ್ಟಿಕೊಂಡು, ಅಮ್ಮನ ಕೋಣೆಯ ದೀಪ ಆರಿದೆಯೇ ನೋಡಿ, ಫೋನನ್ನು ದಿಂಬಿನ ಪಕ್ಕದಲ್ಲಿ ಬಿಟ್ಟು, ಚಪ್ಪಲಿ ಇಲ್ಲದೆ ಮೆಟ್ಟಿಲು ಹತ್ತುತ್ತೀರಿ.

ಸಿಮೆಂಟು ಇನ್ನೂ ಬೆಚ್ಚಗಿದೆ. ಎಲ್ಲೋ ಹೊಂಗೆ ಹೂ ಬಿಟ್ಟಿದೆ. ಕೆರೆಯ ಕಡೆಯಿಂದ ಗಾಳಿ ಬರುತ್ತದೆ. ಮುಂದಿನ ಓಣಿಯಲ್ಲೂ ಒಂದು ತಾರಸಿಯ ಮೇಲೆ ಯಾರೋ ಒಬ್ಬರೇ ನಿಂತಿದ್ದಾರೆ, ಮುಖ ಕಾಣುವುದಿಲ್ಲ. ಅವರು ಕೈ ಎತ್ತುತ್ತಾರೆ. ನೀವೂ ಎತ್ತುತ್ತೀರಿ, ಮುದ್ರೆ ಇರುವ ಕೈಯನ್ನೇ.